ಹಗಲಿಗೆ ಬಂದ ಮಷೀನು

ಹೋದ ತಿಂಗಳು ಸೇಡಂನಲ್ಲಿ ಅಕ್ಕನ ಮಗಳ ಹೊಸ ಮನೆ ನೋಡಲು ಹೋಗಿದ್ದೆ. ಗೋಡೆಗಳು ಎದ್ದಿದ್ದವು, ಕಿಟಕಿಗಳಿಗೆ ಇನ್ನೂ ಚೌಕಟ್ಟು ಕೂತಿರಲಿಲ್ಲ. ಒಳಗೆ ಇಬ್ಬರು ನೆಲದ ಶಹಾಬಾದ್ ಕಲ್ಲಿಗೆ ಪಾಲಿಶ್ ಹಿಡಿಸುತ್ತಿದ್ದರು. ಹೊಸ್ತಿಲು ದಾಟುವ ಮೊದಲೇ ವಾಸನೆ ಬಂತು. ಒದ್ದೆ ಸುಣ್ಣದ ವಾಸನೆ, ಅದರೊಳಗೆ ಬೆಂಕಿಕಡ್ಡಿ ಗೀರಿದಂಥ ಸಣ್ಣದೊಂದು ಸುಟ್ಟ ವಾಸನೆ. ಅಡುಗೆಮನೆ ತೋರಿಸುತ್ತೇನೆ ಬಾ ಎಂದು ಅವಳು ಕರೆದಳು. ಒಂದು ನಿಮಿಷ ಎಂದು ಹೇಳಿ ನಾನು ಹೊರಗೆ ಬಂದು ಮರಳಿನ ರಾಶಿಯ ಮೇಲೆ ಕೂತೆ. ಎಡಗೈಯಿಂದ ಬಲಗೈಯ ಬೆರಳುಗಳನ್ನು ಮುಟ್ಟಿ ನೋಡಿಕೊಂಡೆ.

ಈಗ ನಾನು ಸೇಡಂನ ಒಂದು ಬೇಳೆ ಮಿಲ್ಲಿನಲ್ಲಿ ಮೋಟಾರುಗಳನ್ನು ನೋಡಿಕೊಳ್ಳುತ್ತೇನೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಶಹಾಬಾದಿನ ಹೊರಗಿದ್ದ ಒಂದು ಕಲ್ಲು ಪಾಲಿಶ್ ಘಟಕದಲ್ಲಿ ಮಿಸ್ತ್ರಿಯಾಗಿದ್ದೆ. ಆ ಹನ್ನೊಂದರಲ್ಲಿ ಹತ್ತು ವರ್ಷ ಒಂದರ ಹಾಗೆ ಇನ್ನೊಂದು ಕಳೆದುಹೋದವು. ಕೊನೆಯದೊಂದು ಮಾತ್ರ ದಿನ ದಿನವಾಗಿ ನೆನಪಿದೆ. ಅದನ್ನು ಬರೆಯಬೇಕೆಂದು ಮರಳಿನ ಮೇಲೆ ಕೂತಾಗಲೇ ಅನ್ನಿಸಿತು.

ನಮ್ಮ ಊರು ನಾಲವಾರ. ಸಂಜೆ ಪ್ಯಾಸೆಂಜರ್ ಹಿಡಿದು ವಾಡಿ ದಾಟಿ ಶಹಾಬಾದಿಗೆ ಇಳಿಯುತ್ತಿದ್ದೆ, ಬೆಳಿಗ್ಗೆ ಎದುರಿನ ಗಾಡಿಯಲ್ಲಿ ಮರಳುತ್ತಿದ್ದೆ. ನಮ್ಮ ಘಟಕ ನಡೆಯುತ್ತಿದ್ದದ್ದು ರಾತ್ರಿ. ಕಾರಣ ಒಂದೇ, ಕರೆಂಟಿನ ದರ. ಊರು ಮಲಗಿದ ಮೇಲೆ ಕರೆಂಟಿಗೆ ಕೇಳುವವರು ಕಡಿಮೆ. ಕಲ್ಲಿದ್ದಲಿನ ಸ್ಥಾವರವನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಲು ಬರುವುದಿಲ್ಲ, ಅದು ಉರಿಯುತ್ತಲೇ ಇರಬೇಕು. ಹೀಗಾಗಿ ನಮ್ಮಂಥ ಸಣ್ಣ ಕಾರ್ಖಾನೆಗಳಿಗೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ದರದಲ್ಲಿ ರಿಯಾಯಿತಿ ಇತ್ತು. ಕಲ್ಲಿಗೆ ಪಾಲಿಶ್ ಹಿಡಿಸುವ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟಿನದೇ. ಗಾಜಿನಂಥ ಟೈಲ್ಸ್ ಬಂದ ಮೇಲೆ ನಮ್ಮ ಕಲ್ಲಿನ ಬೆಲೆ ಏರಿಸುವ ಹಾಗಿರಲಿಲ್ಲ. ಮಾಲೀಕರಾದ ಗುರುಪಾದಪ್ಪ ಸಾಹುಕಾರರು ಆ ರಿಯಾಯಿತಿಯ ಮೇಲೆಯೇ ಮೂರು ಮಷೀನು ನಡೆಸುತ್ತಿದ್ದರು.

ಮೂರು ಮಷೀನಿಗೆ ಮೂವರು ಆಪರೇಟರುಗಳು, ಮೂವರೂ ಗಂಡಸರು. ರಾತ್ರಿ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂಬುದು ಸಾಹುಕಾರರ ಕಟ್ಟುನಿಟ್ಟು. ಮುಂಜಾನೆ ಎರಡು ತಾಸು ಬಂದು ಕಲ್ಲು ಹೊತ್ತು ಜೋಡಿಸಿ ಹೋಗುವುದಷ್ಟೇ ಹೆಂಗಸರ ಕೆಲಸ. ಆ ಕೂಲಿ ಆಪರೇಟರ ಪಗಾರದ ಮೂರನೇ ಒಂದು ಪಾಲು ಸಹ ಆಗುತ್ತಿರಲಿಲ್ಲ. ಮಷೀನು ಗಂಡಸರದೆಂದು ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ಮಷೀನು ರಾತ್ರಿ ನಡೆಯುತ್ತಿತ್ತು, ಅದರಿಂದ ಅದು ಗಂಡಸರದಾಗಿತ್ತು. ಇದು ನನಗೆ ಹೊಳೆದದ್ದು ಆ ವರ್ಷ.

ಆ ವರ್ಷ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಊರಿಗೆ ಹೋದ ಇಬ್ಬರು ಆಪರೇಟರುಗಳು ಹೇಳಿದ ದಿನಕ್ಕೆ ಬರಲಿಲ್ಲ. ಹೊಲದಲ್ಲಿ ಭಜ್ಜಿ, ಕಡಬು ಉಂಡು ನೆಂಟರ ಜೊತೆ ಉಳಿದುಕೊಂಡರು. ಎಳ್ಳಮಾಸಿಗೆ ಹೀಗಾಗುವುದು ಪ್ರತಿ ವರ್ಷದ ಮಾತು. ಉಳಿದವನು ದೇವಿಂದ್ರಪ್ಪ ಒಬ್ಬನೇ. ಅವನನ್ನು ಒಂದರ ಹಿಂದೊಂದು ಮೂರು ರಾತ್ರಿ ನಿಲ್ಲಿಸಿದೆ. ಪಾಳಿ ಹಾಕುವವನು ನಾನೇ. ಇನ್ನೊಂದನ್ನೂ ಹೇಳಬೇಕು. ಮಷೀನಿನ ಬೆಲ್ಟಿಗೆ ಮುಚ್ಚಿಗೆಯಾಗಿ ಒಂದು ಕಬ್ಬಿಣದ ಜಾಳಿಗೆ ಇರುತ್ತದೆ. ಬೆಲ್ಟು ಪದೇ ಪದೇ ಸಡಿಲಾಗುತ್ತಿದ್ದರಿಂದ ವಾರದ ಹಿಂದೆ ಅದನ್ನು ಬಿಚ್ಚಿದ್ದೆ. ಮತ್ತೆ ಹಾಕಿರಲಿಲ್ಲ. ಅದು ಗೋಡೆಗೆ ಒರಗಿಕೊಂಡು ನಿಂತಿತ್ತು.

ಮೂರನೆಯ ರಾತ್ರಿ ಮುಗಿಯುತ್ತ ಬಂದಿತ್ತು, ಇನ್ನೇನು ಬೆಳಕು ಹರಿಯಬೇಕು. ನಾನು ನೀರಿನ ಟಾಕಿಯ ಹತ್ತಿರ ಇದ್ದೆ. ಮಷೀನಿನ ಸಪ್ಪಳ ಒಂದು ಕ್ಷಣ ಮಂದವಾಗಿ ಮತ್ತೆ ಮೊದಲಿನಂತಾಯಿತು. ದೇವಿಂದ್ರಪ್ಪ ಕೂಗಲಿಲ್ಲ. ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನಡೆದು ಬಂದ. ಜಾರಿದ ಬೆಲ್ಟನ್ನು ಮಷೀನು ಬಂದ್ ಮಾಡದೆ ಕೈಯಿಂದ ಸರಿಸಲು ಹೋಗಿದ್ದ. ಎಚ್ಚರ ಇರುವವನು ಎಂದೂ ಮಾಡದ ಕೆಲಸ. ಬಲಗೈಯ ಎರಡು ಬೆರಳು ಪೂರ್ತಿ, ಮೂರನೆಯದು ಅರ್ಧ ಹೋದವು. ನಾನು ಓಡಿ ಸ್ವಿಚ್ ಆರಿಸಿದೆ. ಆಮೇಲೆ ಯಾಕೋ ಮೊದಲು ಹೋಗಿ ಜಾಳಿಗೆಯನ್ನು ಎತ್ತಿಕೊಂಡೆ. ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ನಾಲ್ಕೈದು ಕ್ಷಣ ಇರಬಹುದು.

ಕಲಬುರಗಿಯ ಆಸ್ಪತ್ರೆಯ ಖರ್ಚನ್ನು ಸಾಹುಕಾರರೇ ನೋಡಿಕೊಂಡರು. ಜಾಳಿಗೆಯ ವಿಷಯ ನಾನೇ ಅವರಿಗೆ ಹೇಳಿದೆ. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ, ತೆಗೆಯಲಿಲ್ಲ.

ಹತ್ತು ಹನ್ನೆರಡು ದಿನದ ಮೇಲೆ ದೇವಿಂದ್ರಪ್ಪನ ಹೆಂಡತಿ ಬಸಮ್ಮ ಬಂದಳು. ಮೂವತ್ತರ ಆಸುಪಾಸಿನವಳು, ಗಟ್ಟಿ ಮೈ, ಮಾತಿಗೆ ಮೊದಲು ಎದುರಿನವರನ್ನು ನಿಧಾನವಾಗಿ ನೋಡುವ ಅಭ್ಯಾಸ. ಮುಂಜಾನೆಯ ಹೊರೆ ಕೆಲಸಕ್ಕೆ ಸೇರಿಕೊಂಡಳು. ಅದರಿಂದ ಮನೆ ನಡೆಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳ ತಮ್ಮ ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದ, ಬಂದುಬಿಡಿ ಎಂದು ಕರೆಯುತ್ತಿದ್ದ. ಗಾಯ ಮಾಯದ ಗಂಡನನ್ನೂ ಮೂರನೆಯ ಇಯತ್ತೆ ಓದುವ ಮಗಳನ್ನೂ ಕಟ್ಟಿಕೊಂಡು ತಗಡಿನ ಜೋಪಡಿಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಮಳೆಗಾಲದವರೆಗೆ ನೋಡುತ್ತೇನೆ, ಅಷ್ಟರೊಳಗೆ ಇಲ್ಲೇ ಏನಾದರೂ ಆದರೆ ಆಯಿತು, ಇಲ್ಲವಾದರೆ ಹೋಗುವುದೇ ಎಂದಳು. ಅವಳು ಕಲ್ಲು ಎತ್ತುವಾಗಲೆಲ್ಲ ಖಾಲಿ ನಿಂತ ಗಂಡನ ಮಷೀನಿನ ಕಡೆ ನೋಡುತ್ತಿದ್ದಳು. ನಾನು ಅವಳ ಕಡೆ ನೋಡುತ್ತಿರಲಿಲ್ಲ.

ಬೇಸಿಗೆ ಶುರುವಾದಾಗ ಬಿಲ್ಲಿನ ಜೊತೆ ಒಂದು ಕಾಗದ ಬಂತು. ನಾನು ಅದನ್ನು ಮೂರು ಸಲ ಓದಿದೆ. ಸಣ್ಣ ಕಾರ್ಖಾನೆಗಳಿಗೆ ಇನ್ನು ಮೇಲೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕಡಿಮೆ ದರ, ಸಂಜೆಯಿಂದ ರಾತ್ರಿ ಹತ್ತರವರೆಗೆ ಹೆಚ್ಚಿನ ದರ, ರಾತ್ರಿಗೆ ಸಾಮಾನ್ಯ ದರ. ಅಂದರೆ ಹತ್ತು ವರ್ಷ ನಾವು ಯಾವ ಹೊತ್ತನ್ನು ನಂಬಿಕೊಂಡು ನಿದ್ದೆಗೆಟ್ಟಿದ್ದೆವೋ ಆ ಹೊತ್ತಿನ ಅಗ್ಗವೇ ಹೋಗಿತ್ತು.

ಸಾಹುಕಾರರು ನಂಬಲಿಲ್ಲ. "ಬಿಸಿಲಿನ್ಯಾಗ ಮನಿ ಮನಿ ಫ್ಯಾನ್ ತಿರಗ್ತಾವ, ಕೂಲರ್ ತಿರಗ್ತಾವ. ಆವಾಗ ಕರೆಂಟ್ ಸಸ್ತಾ ಅಂತ. ಮಿಸ್ತ್ರಿ, ಜರಾ ಚಷ್ಮಾ ಹಾಕ್ಕೊಂಡು ಓದು," ಅಂದರು. ನಾನು ಚಷ್ಮಾ ಹಾಕಿಕೊಂಡೇ ಓದಿದ್ದೆ. ಆದರೂ ಖಾತ್ರಿ ಮಾಡಿಕೊಳ್ಳಲು ವಿದ್ಯುತ್ ಕಚೇರಿಗೆ ಹೋದೆ. ಅಲ್ಲಿನ ಒಬ್ಬ ವಯಸ್ಸಾದ ಅಧಿಕಾರಿ ನಿಧಾನವಾಗಿ ತಿಳಿಸಿ ಹೇಳಿದರು. ಬಯಲಿನಲ್ಲಿ ಸೌರ ಫಲಕಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ, ದೊಡ್ಡ ಕಾರ್ಖಾನೆಗಳೂ ತಮ್ಮವನ್ನೇ ಹಾಕಿಕೊಂಡಿವೆ. ಬಿಸಿಲಿಗೆ ಯಾರೂ ದುಡ್ಡು ಕೊಡಬೇಕಿಲ್ಲ, ಫಲಕ ಹಾಕಿದ ಖರ್ಚಷ್ಟೇ. ಆದರೆ ಮಧ್ಯಾಹ್ನ ಎಲ್ಲ ಕಡೆಯಿಂದ ಒಮ್ಮೆಲೇ ಬರುವ ಆ ಕರೆಂಟನ್ನು ಕೂಡಿಡಲು ಸಾಕಷ್ಟು ವ್ಯವಸ್ಥೆ ಇನ್ನೂ ಇಲ್ಲ. ಸಂಜೆ ಸೂರ್ಯ ಹೋಗುತ್ತಾನೆ, ಅದೇ ಹೊತ್ತಿಗೆ ಎಲ್ಲರ ಮನೆಯ ದೀಪ ಹತ್ತುತ್ತದೆ. ಆಗ ಕಲ್ಲಿದ್ದಲು, ಜಲಾಶಯ, ಹೊರಗಿನಿಂದ ಖರೀದಿ, ಎಲ್ಲವೂ ಬೇಕು. ಅದಕ್ಕೇ ಸಂಜೆ ದುಬಾರಿ. ನಿಮ್ಮಂಥವರು ಹಗಲಿಗೆ ಬಂದರೆ ಎರಡೂ ಕಡೆ ಅನುಕೂಲ ಎಂದರು. ನಮ್ಮ ಮನೆಯ ಮೀಟರಿಗೂ ಹೀಗೇ ಏನು ಎಂದು ಕೇಳಿದೆ. ಇಲ್ಲ, ಮನೆಗೆ ಹಗಲು ರಾತ್ರಿ ಒಂದೇ ಎಂದರು. ನಾಲವಾರದ ನಮ್ಮ ಮನೆಯ ಬಿಲ್ಲು ಆ ವರ್ಷ ಒಂದು ರೂಪಾಯಿಯೂ ಇಳಿಯಲಿಲ್ಲ. ಅದನ್ನೂ ಬರೆದಿಡುವುದು ನ್ಯಾಯ.

ಮರುದಿನ ಮುಂಜಾನೆ ಇದನ್ನೆಲ್ಲ ಸಾಹುಕಾರರಿಗೆ ಬಿಡಿಸಿ ಹೇಳುತ್ತಿದ್ದೆ. ಹೊರೆ ಇಳಿಸುತ್ತಿದ್ದ ಬಸಮ್ಮ ಅಲ್ಲೇ ನಿಂತು ಕೇಳಿದಳು. ಸಾಹುಕಾರರು ಇನ್ನೂ ತಲೆ ಅಲ್ಲಾಡಿಸುತ್ತಿದ್ದರು.

"ತೊಗರಿ ರಾಶಿ ಆದಾಗ ಅಡತ್ಯಾಗ ರೇಟ್ ಬೀಳಂಗಿಲ್ಲೇನ್ರಿ ಸಾಹುಕಾರ್ರ," ಅಂದಳು. "ಎಲ್ಲರ ಮಾಲೂ ಒಮ್ಮೆಲೇ ಬರ್ತದ, ಇಟ್ಕೊಳ್ಳಿಕ್ಕಿ ಯಾರಿಗೂ ಜಾಗ ಇರಂಗಿಲ್ಲ. ಇದೂ ಹಂಗೇ ಕಾಣಸ್ತದ."

ಸಾಹುಕಾರರಿಗೆ ಅಡತ್ ಮಂಡಿಯ ತೊಗರಿ ಲೆಕ್ಕ ರಕ್ತದಲ್ಲೇ ಇತ್ತು. ಅವರು ಮೊದಲ ಸಲ ಆ ಕಾಗದವನ್ನು ತಮ್ಮ ಕೈಗೆ ತೆಗೆದುಕೊಂಡರು. ಒಂದು ಮಷೀನನ್ನು ಒಂದು ತಿಂಗಳು ಹಗಲು ನಡೆಸಿ ನೋಡೋಣ ಎಂದರು. ಖಾಲಿ ಇದ್ದದ್ದು ದೇವಿಂದ್ರಪ್ಪನದು. ಯಾರನ್ನು ನಿಲ್ಲಿಸುವುದು ಎಂಬ ಮಾತು ಬಂದಾಗ ಬಸಮ್ಮ ನನ್ನ ಕಡೆ ತಿರುಗಿ, "ಮಿಸ್ತ್ರಿ ಅಣ್ಣ, ಹಗಲಾದ್ರ ನಾ ನಿಂದರ್ತೀನಿ," ಅಂದಳು.

ಸಾಹುಕಾರರು ನಕ್ಕರು. "ನೀ ಮಷೀನ್ ಹಿಡದ್ರ ನಾ ಮನ್ಯಾಗ ರೊಟ್ಟಿ ಬಡೀಲೇನು?"

"ಬಡೀರಿ, ಬ್ಯಾಡ ಅಂದೋರ್ಯಾರು. ರೊಟ್ಟಿ ಬಡಿಯೋ ಕೈಗೆ ಮಷೀನ್ ಭಾಳ ದೂರಿಲ್ರಿ."

ಆ ಮಾತು ತಮಾಷೆಯಾಗಿ ಬಂದಿತ್ತು, ಆದರೆ ಅದರಲ್ಲಿ ಸತ್ಯವಿತ್ತು. ನಮ್ಮದು ಕೈಯಿಂದ ಆಡಿಸುವ ಮಷೀನು. ಉದ್ದನೆಯ ತೋಳಿನ ತುದಿಯಲ್ಲಿ ತಿರುಗುವ ತಲೆ, ಅದರ ಅಡಿಯಲ್ಲಿ ಕಲ್ಲು ತಿಕ್ಕುವ ಇಟ್ಟಿಗೆಯಂಥ ತುಂಡುಗಳು. ಅವಕ್ಕೆ ಬತ್ತಿ ಎನ್ನುತ್ತಾರೆ. ತೋಳನ್ನು ಹಿಡಿದು ಕಲ್ಲಿನ ಮೇಲೆಲ್ಲ ಒಂದೇ ಭಾರದಲ್ಲಿ ಸುತ್ತಿಸಬೇಕು. ಎಲ್ಲಿಯೂ ಒತ್ತಬಾರದು, ಎಲ್ಲಿಯೂ ಬಿಡಬಾರದು. ಸಾಹುಕಾರರು ಒಪ್ಪಿದರು, ಮೂರು ದಿನ ಮುಂಜಾನೆಯ ತಂಪಿನಲ್ಲಿ ಅವಳಿಗೆ ತೋಳು ಹಿಡಿಯುವುದನ್ನು ಹೇಳಿಕೊಟ್ಟೆ. ಹಗಲಿಗೆ ಬಸಮ್ಮನನ್ನು ನಿಲ್ಲಿಸುವ ಮೊದಲು ನಾನು ಬೆಲ್ಟಿನ ಜಾಳಿಗೆಗೆ ನಾಲ್ಕು ಬೋಲ್ಟಿನ ಬದಲು ಆರು ಹಾಕಿದೆ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿದೆ. ಅವಳು ಅದನ್ನು ನೋಡುತ್ತ ನಿಂತಿದ್ದಳು.

ಮೊದಲ ದಿನವೇ ಕೆಟ್ಟಿತು. ಕೈ ಚೆನ್ನಾಗಿಯೇ ಓಡುತ್ತಿತ್ತು. ಆದರೆ ನೀರು ಬಿಟ್ಟೊಡನೆ ಕಲ್ಲಿನೊಳಗಿಂದ ಟಿಕ್ ಎಂದು ಸಣ್ಣ ಸಪ್ಪಳ ಬಂತು, ಗಡಿಗೆಗೆ ಉಗುರಿನಿಂದ ಬಡಿದ ಹಾಗೆ. ನೋಡುತ್ತಿದ್ದಂತೆ ಮೇಲಿನ ಪದರು ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತು. ಎರಡನೆಯದಕ್ಕೂ ಹಾಗೆಯೇ. ಮಧ್ಯಾಹ್ನದೊಳಗೆ ಏಳು ಕಲ್ಲು ಹೋದವು. ಮಲ್ಲಪ್ಪ ಎಳ್ಳಮಾಸಿಗೆ ಹೋಗಿ ತಡವಾಗಿ ಮರಳಿದ ಇಬ್ಬರು ಆಪರೇಟರುಗಳಲ್ಲಿ ಒಬ್ಬ, ನಾನು ಹಗಲಿಗೆ ಬಂದ ಮೇಲೆ ರಾತ್ರಿಯನ್ನು ಅವನೇ ನೋಡಿಕೊಳ್ಳುತ್ತಿದ್ದ. ಸಂಜೆ ಬಂದು ಒಡೆದ ರಾಶಿಯನ್ನು ನೋಡಿ, "ಹೆಣ್ಮಗಳ ಕೈ ಹತ್ತೇದಂತ ಕಲ್ಲಿಗೆ ನಾಚಿಕಿ ಬಂದದ, ಮೈ ಬಿಡ್ಲಿಕತ್ತದ," ಅಂದ. ಎಲ್ಲರೂ ನಕ್ಕರು. ಬಸಮ್ಮನೂ ಸ್ವಲ್ಪ ನಕ್ಕಳು, ಆದರೆ ಅವಳ ಕಣ್ಣು ಕಲ್ಲಿನ ಮೇಲೇ ಇತ್ತು.

ತಪ್ಪು ಅವಳದಾಗಿರಲಿಲ್ಲ. ನಾವು ರಾತ್ರಿಯ ಜನ. ಹತ್ತು ವರ್ಷದಲ್ಲಿ ನಾವು ಮುಟ್ಟಿದ್ದೆಲ್ಲ ತಣ್ಣಗಿನ ಕಲ್ಲು. ಕಲ್ಲುಗಳನ್ನು ಬಯಲಿನಲ್ಲಿ ಒಟ್ಟುವುದು ನಮ್ಮ ವಾಡಿಕೆ, ಕತ್ತಲಾದ ಮೇಲೆ ಎತ್ತಿ ಮಷೀನಿಗೆ ಹಾಕುವುದು. ಶಹಾಬಾದಿನ ಬೇಸಿಗೆಯಲ್ಲಿ ಹನ್ನೊಂದರ ಹೊತ್ತಿಗೆ ಬಯಲಿನ ಕಲ್ಲು ಕಾದ ಹಂಚಿನಂತಿರುತ್ತದೆ. ನಮ್ಮ ಕಲ್ಲು ಪದರು ಪದರಾಗಿ ಕೂತದ್ದು. ಅದರ ಮೇಲೆ ಟಾಕಿಯ ತಣ್ಣೀರು ಬಿದ್ದರೆ ಪದರು ಬಿಡದೆ ಏನಾಗುತ್ತದೆ? ಕಲ್ಲಿನಲ್ಲೇ ಬದುಕಿದ ನಮಗೆ ಹಗಲಿನ ಕಲ್ಲು ಗೊತ್ತಿರಲಿಲ್ಲ.

ಮರುದಿನ ನಾನು ಬೆಳಗಿನ ಗಾಡಿ ಇಳಿದು ಬರುವಷ್ಟರಲ್ಲಿ ಬಸಮ್ಮ ಬಂದಾಗಿತ್ತು. ಅಂದಿನ ಕಲ್ಲುಗಳನ್ನೆಲ್ಲ ಹೊರೆಯ ಹೆಂಗಸರ ಜೊತೆ ಸೇರಿ ಬಿಸಿಲು ಏರುವ ಮೊದಲೇ ತಗಡಿನ ನೆರಳಿಗೆ ತಂದು ಹಾಸಿದ್ದಳು. ಬಕೆಟ್ಟಿನಿಂದ ಬೊಗಸೆ ಬೊಗಸೆ ನೀರು ತೆಗೆದು ಚಳಾ ಹೊಡೆಯುತ್ತಿದ್ದಳು, ಬೆಳಿಗ್ಗೆ ಮನೆಯ ಅಂಗಳಕ್ಕೆ ನೀರು ಚಿಮುಕಿಸುವ ಹಾಗೆಯೇ, ಸೊಂಟ ಬಗ್ಗಿಸಿ, ಕೈ ಬೀಸಿ. ಆಮೇಲೆ ಒದ್ದೆ ಗೋಣಿಚೀಲ ಮುಚ್ಚಿದಳು. ಇದೇನು ಎಂದು ಕೇಳಿದೆ.

"ಚಳಾ ಹೊಡೀದೆ ಅಂಗಳ ಯಾರರ ಸಾರಸ್ತಾರೇನಣ್ಣ? ಒಣ ನೆಲ ಒಮ್ಮೆಲೇ ನೀರು ತಗೊಳ್ಳಂಗಿಲ್ಲ, ಸಿಟ್ಟಿಗೇಳ್ತದ. ಮೊದ್ಲ ಜರಾ ಸಮಾಧಾನ ಮಾಡ್ಬೇಕು."

ಅಂದು ಒಂದು ಕಲ್ಲೂ ಪದರು ಬಿಡಲಿಲ್ಲ. ಮಲ್ಲಪ್ಪ ಸಂಜೆ ಬಂದು ರಾಶಿಯ ಸುತ್ತ ಒಂದು ಸುತ್ತು ಹಾಕಿ ಬೀಡಿ ಹಚ್ಚಿಕೊಂಡ.

ಆದರೆ ತಿಂಗಳ ಕೊನೆಗೆ ಬಂದ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ಇಳಿತ ಇರಲಿಲ್ಲ. ಸಾಹುಕಾರರು ಅದನ್ನು ನನ್ನ ಮುಂದೆ ಮೇಜಿನ ಮೇಲಿಟ್ಟು, ಇಷ್ಟಕ್ಕಾಗಿ ಇಷ್ಟೆಲ್ಲ ಮಾಡಿದೆಯಾ ಎಂದು ಕೇಳಿದರು. ರಾತ್ರಿ ಪಾಳಿಗೆ ಬರಲು ಯಾದಗಿರಿಯ ಕಡೆಯ ಒಬ್ಬ ಆಪರೇಟರ್ ಆಗಲೇ ಕೇಳಿ ಹೋಗಿದ್ದ. ಅವನನ್ನು ಕರೆದರೆ ಮಷೀನು ರಾತ್ರಿಗೆ ಹೋಗುತ್ತದೆ, ಬಸಮ್ಮ ಹೊರೆಗೆ ಮರಳುತ್ತಾಳೆ, ಹೊರೆಯಿಂದ ಪುಣೆಗೆ. ನಡುವೆ ಬೇರೆ ದಾರಿ ಇರಲಿಲ್ಲ.

ನಾನು ಬಿಲ್ಲನ್ನೂ ಮೀಟರನ್ನೂ ಇಟ್ಟುಕೊಂಡು ಕೂತೆ. ನಮ್ಮ ಮೀಟರು ಹೊತ್ತು ಹೊತ್ತಿನ ಬಳಕೆಯನ್ನು ಬೇರೆ ಬೇರೆ ಬರೆದುಕೊಳ್ಳುತ್ತದೆ, ಗುಂಡಿ ಒತ್ತಿದರೆ ಒಂದೊಂದಾಗಿ ತೋರಿಸುತ್ತದೆ. ಸಂಜೆಯ ಅಂಕಿ ನೋಡಿ ಗುಂಡಿಯನ್ನು ಮತ್ತೊಮ್ಮೆ ಒತ್ತಿದೆ. ಕಲ್ಲು ಸರಿಸುವುದು, ಬತ್ತಿ ಕೂಡಿಸುವುದು ಎಂದು ನಾನು ಮಷೀನು ಚಾಲೂ ಮಾಡುತ್ತಿದ್ದದ್ದು ಹತ್ತೂವರೆಗೆ. ದಿನದ ಕೆಲಸ ಮುಗಿಸಲು ಆರೂವರೆ, ಏಳರವರೆಗೆ ನಡೆಸುತ್ತಿದ್ದೆ. ಬಿಸಿಲಿನ ತಾಸುಗಳಲ್ಲಿ ಉಳಿಸಿದ್ದನ್ನೆಲ್ಲ ಸಂಜೆಯ ಎರಡು ತಾಸು ನುಂಗಿಹಾಕಿದ್ದವು. ದರದ ಕಾಗದವನ್ನು ಮೂರು ಸಲ ಓದಿದವನು ನಾನು. ಹಗಲು ಎಂದರೆ ಬೆಳಕು ಇರುವಷ್ಟು ಹೊತ್ತು ಎಂದು ನನ್ನ ಮೈ ತಿಳಿದುಕೊಂಡಿತ್ತು. ಅದಕ್ಕೆ ಐದು ಗಂಟೆಯ ಗೆರೆ ಗೊತ್ತಿರಲಿಲ್ಲ.

ಸಾಹುಕಾರರ ಮನೆಗೆ ಹೋಗಿ ಇದು ನನ್ನ ತಪ್ಪು ಎಂದೆ. ನೀನು ಈ ವರ್ಷ ಎರಡನೆಯ ಸಲ ಹೀಗೆ ನನ್ನೆದುರು ನಿಂತಿದ್ದೀ ಎಂದು ಅವರು ಹೇಳುತ್ತಾರೇನೋ ಎಂದು ಕಾಯ್ದೆ. ಹೇಳಲಿಲ್ಲ.

"ಇನ್ನೊಂದು ತಿಂಗಳು. ಮಳಿಗಾಲ ಬರೋ ತನ," ಅಂದರು. "ಆವಾಗೂ ಹಿಂಗೇ ಇದ್ರ ರಾತ್ರಿನೇ. ಮತ್ತ ಮಾತಿಲ್ಲ."

ಬಸಮ್ಮನಿಗೆ ಎಲ್ಲವನ್ನೂ ಹೇಳಿದೆ, ಯಾದಗಿರಿಯವನ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ. ಮಳೆಗಾಲದಲ್ಲಿ ಮೋಡ ಮುಚ್ಚಿದ ದಿನ ದರ ಏರುತ್ತದೆಯೇ? ಇಲ್ಲ, ಸದ್ಯಕ್ಕೆ ದರ ಗಡಿಯಾರದ ಮೇಲೆ ನಿಂತಿದೆ, ಮೋಡದ ಮೇಲಲ್ಲ ಎಂದೆ. ಹಾಗಾದರೆ ಒಂಬತ್ತು ಅಂದರೆ ಒಂಬತ್ತು ಎಂದಳು.

ಆ ತಿಂಗಳು ನಾವು ಗಡಿಯಾರ ನೋಡಿಕೊಂಡು ಬದುಕಿದೆವು. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಮೊದಲ ಕಲ್ಲು ಹಲಗೆಯ ಮೇಲೆ ಇರಬೇಕು, ಬತ್ತಿ ಕೂತಿರಬೇಕು. ಮಧ್ಯಾಹ್ನ ಅವಳು ಉಣ್ಣುವಾಗ ಮಷೀನು ನಿಲ್ಲದಂತೆ ನಾನು ತೋಳು ಹಿಡಿಯುತ್ತಿದ್ದೆ. ಪಕ್ಕದ ಹಳೆಯ ಕಲ್ಲುಗಣಿಯಲ್ಲಿ ನಿಂತ ನೀರನ್ನು ಟಾಕಿಗೆ ಏರಿಸುವ ಪಂಪನ್ನೂ ಬಿಸಿಲಿನ ತಾಸಿಗೆ ತಂದೆವು. ತಗಡಿನ ಕೆಳಗೆ ಸೆಕೆ ತಡೆಯಲಾಗುತ್ತಿರಲಿಲ್ಲ. ಮೂರು ಕಡೆ ಒದ್ದೆ ಗೋಣಿ ಇಳಿಬಿಟ್ಟೆವು. ಹಗಲಿನ ಅಗ್ಗವನ್ನು ಯಾರೋ ಮೈಯಲ್ಲಿ ತೀರಿಸಲೇಬೇಕು ಎಂದು ಆಗ ಕಂಡಿತು. ಒಂದು ಮಧ್ಯಾಹ್ನ ಬಸಮ್ಮ ತಲೆಸುತ್ತು ಬಂದು ಕೂತುಬಿಟ್ಟಳು. ಉಪ್ಪು ಹಾಕಿದ ಮಜ್ಜಿಗೆ ಕುಡಿದು ಅರ್ಧ ತಾಸಿನಲ್ಲಿ ಎದ್ದಳು. ನಾನು ಬೇಡ ಎಂದೆ. ಅವಳು ನನ್ನ ಮಾತು ಕೇಳಲಿಲ್ಲ.

ಇಷ್ಟಾದರೂ ಅವಳ ಕೈಯಿಂದ ದಿನಕ್ಕೆ ಹೊರಡುತ್ತಿದ್ದ ಕಲ್ಲು ಮಲ್ಲಪ್ಪನದಕ್ಕಿಂತ ಕಡಿಮೆಯೇ ಇತ್ತು. ಹೊಳಪೂ ಕೆಲವು ಕಲ್ಲಿಗೆ ಮಂಕಾಗಿ ಬರುತ್ತಿತ್ತು. ಯಾಕೆಂದು ನನಗೂ ತಿಳಿಯುತ್ತಿರಲಿಲ್ಲ.

ಅಂಥ ಒಂದು ದಿನ ನಾಲ್ಕು ಗಂಟೆಯ ಸುಮಾರಿಗೆ ನಾನು ಗೇಟಿನ ಹತ್ತಿರ ಹೋದಾಗ ದೇವಿಂದ್ರಪ್ಪ ಹೊರಗೆ ಬೇವಿನ ಬುಡದಲ್ಲಿ ನಿಂತಿದ್ದ. ಎಳ್ಳಮಾಸಿಯ ನಂತರ ಅವನು ಘಟಕದ ಕಡೆ ಬಂದದ್ದು ಅದೇ ಮೊದಲು. ಬಲಗೈಯನ್ನು ಹೆಗಲ ಮೇಲಿನ ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದ. ನಾನು ಗೇಟಿನ ಒಳಗೇ ನಿಂತೆ. ಅವನು ತಲೆಯನ್ನು ಒಂದು ಬದಿಗೆ ವಾಲಿಸಿ ಮಷೀನಿನ ಸಪ್ಪಳ ಕೇಳುತ್ತಿದ್ದ.

"ಬತ್ತಿ ಸವದದ ಅಂತ ಹೇಳ್ರಿ ಅಕಿಗಿ," ಅಂದ. "ಆವಾಜ್ ಖಾಲಿ ಬರ್ಲಿಕತ್ತದ. ಪೂರಾ ಸವಿಯೋ ತನ ಇಟ್ಕೊಂಡಾಳ, ಉಳಸ್ಬೇಕಂತ. ಅದಕ್ಕೇ ಹೊಳಪ ಏಳವಲ್ದು."

ನಾನು ಒಳಗೆ ಹೋಗಿ ಮಷೀನು ನಿಲ್ಲಿಸಿ ನೋಡಿದೆ. ಎರಡು ಬತ್ತಿ ಉಗುರಿನಷ್ಟು ಉಳಿದಿದ್ದವು. ಹೊಸದು ಕೂಡಿಸಿದೆವು. ಗೇಟಿಗೆ ಮರಳಿ ಬಂದಾಗ ಅವನು ಇನ್ನೂ ಅಲ್ಲೇ ಇದ್ದ. ಐದು ತಿಂಗಳಿಂದ ಹೇಳಬೇಕೆಂದಿದ್ದ ಮಾತನ್ನು ಆಗ ಹೇಳಿದೆ. ಜಾಳಿಗೆ ಬಿಚ್ಚಿ ಇಟ್ಟವನು ನಾನು, ಮೂರನೆಯ ರಾತ್ರಿಗೆ ನಿನ್ನನ್ನು ಹಾಕಿದವನೂ ನಾನು ಎಂದೆ.

"ಗೊತ್ತದ್ರಿ," ಅಂದ. "ಆಸ್ಪತ್ರ್ಯಾಗ ಇದ್ದಾಗ ನಿಮ್ಮ ಮ್ಯಾಲ ಭಾಳ ಸಿಟ್ಟಿತ್ತು. ಈಗೂ ಪೂರಾ ಹೋಗಿಲ್ಲ, ಸುಳ್ಳು ಯಾಕ ಹೇಳ್ಲಿ. ಆದ್ರ ಆ ಹೊತ್ತು ಮನಷಾ ಎಚ್ಚರ ಇರೋ ಹೊತ್ತಲ್ರಿ ಮಿಸ್ತ್ರಿ. ಅಕಿ ಹಗಲ ನಿಂದರ್ತಾಳ ಅಂತ ಕೇಳಿ ರಾತ್ರಿ ನಿದ್ದಿ ಬರ್ಲಿಕತ್ತದ ನನಗ."

ಆ ದಿನದಿಂದ ಅವನು ದಿನವೂ ಬಂದ. ಮೊದಲು ಬೇವಿನ ಬುಡ, ಆಮೇಲೆ ಗೇಟಿನ ಒಳಗೆ, ಒಂದು ವಾರದ ಮೇಲೆ ತಗಡಿನ ನೆರಳಿಗೆ. ಮಷೀನನ್ನು ಮುಟ್ಟುತ್ತಿರಲಿಲ್ಲ. ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದ. ಎಡಕ್ಕೆ ಭಾರ ಬೀಳುತ್ತಿದೆ, ನೀರು ಕಡಿಮೆಯಾಗಿದೆ, ಈಗ ನಯ ಬತ್ತಿ ಹಾಕು ಎಂದು ಹೇಳುತ್ತಿದ್ದ. ಒಮ್ಮೊಮ್ಮೆ ಬಸಮ್ಮ ರೇಗುತ್ತಿದ್ದಳು. "ಮನ್ಯಾಗೂ ಇವ್ರೇ ಸಾಹುಕಾರ್ರು, ಇಲ್ಲೂ ಇವ್ರೇ," ಎಂದು ನನ್ನೆದುರು ದೂರುತ್ತಿದ್ದಳು. ಆದರೆ ಕೈ ಅವನು ಹೇಳಿದ ಕಡೆಗೆ ತಿರುಗುತ್ತಿತ್ತು. ದಿನದ ಕಲ್ಲು ಒಂದೊಂದಾಗಿ ಏರಿತು. ಮಂಕು ಹೋಯಿತು.

ಮೃಗಶಿರ ಮಳೆ ಹಿಡಿದ ವಾರ ಬಿಲ್ಲು ಬಂತು. ಸಾಹುಕಾರರು ಅದನ್ನು ಓದಿ, ಹಿಂದಿನ ವರ್ಷದ ಇದೇ ತಿಂಗಳ ಬಿಲ್ಲು ತರಿಸಿ ಪಕ್ಕದಲ್ಲಿಟ್ಟು ಓದಿ, ಚಷ್ಮಾ ತೆಗೆದು ಮತ್ತೆ ಹಾಕಿಕೊಂಡರು. ಮೂರರಲ್ಲಿ ಒಂದೇ ಮಷೀನು ಹಗಲಿಗೆ ಬಂದಿತ್ತು, ಆದರೂ ಇಳಿತ ಕಣ್ಣಿಗೆ ಕಾಣುವಂತಿತ್ತು. ಸ್ಥಿರ ಶುಲ್ಕ ಎಂಬುದೊಂದು ಇದೆ, ಅದು ಬಿಸಿಲಿಗೂ ಬಗ್ಗಿರಲಿಲ್ಲ, ಹಾಗೆಯೇ ನಿಂತಿತ್ತು. ಅದನ್ನು ಬೆರಳಿಟ್ಟು ತೋರಿಸಿ ಇದ್ಯಾಕೆ ಇಳಿಯಲಿಲ್ಲ ಎಂದು ಕೇಳಿದರು. ಇದು ತಂತಿ, ಕಂಬಗಳ ಖರ್ಚು, ಅದಕ್ಕೆ ಹೊತ್ತಿಲ್ಲ ಎಂದೆ. ಹೂಂ ಎಂದರು. ಮರುದಿನ ಮಲ್ಲಪ್ಪನಿಗೂ ಇನ್ನೊಬ್ಬನಿಗೂ ಮುಂದಿನ ಸೋಮವಾರದಿಂದ ಹಗಲೇ ಬರಲು ಹೇಳಿದರು. ಯಾದಗಿರಿಯವನಿಗೆ ಫೋನು ಹೋಗಲಿಲ್ಲ.

ಮಲ್ಲಪ್ಪ ಮೊದಲ ವಾರ ಹಗಲಿಗೆ ಹೊಂದಿಕೊಳ್ಳಲಾಗದೆ ಒದ್ದಾಡಿದ. ಗಂಡನ ಗೊರಕೆ ಇಷ್ಟು ಜೋರೆಂದು ಹತ್ತು ವರ್ಷದ ಸಂಸಾರದಲ್ಲಿ ಈಗ ಗೊತ್ತಾಯಿತು ಎಂದು ಅವನ ಹೆಂಡತಿ ಹೇಳಿದಳಂತೆ, ಅವನೇ ಬಂದು ಹೇಳಿ ನಕ್ಕ. ಅವನು ಬಸಮ್ಮನಲ್ಲಿ ಕ್ಷಮೆ ಕೇಳಲಿಲ್ಲ. ತನ್ನ ಕಲ್ಲುಗಳಿಗೆ ತಾನೂ ಗೋಣಿ ಮುಚ್ಚತೊಡಗಿದ, ಅಷ್ಟೇ. ನಾಲವಾರದ ಮನೆಯಲ್ಲಿ ನನಗೂ ರಾತ್ರಿಯ ನಿದ್ದೆ ಹತ್ತತೊಡಗಿತು. ಮೊದಲ ಕೆಲವು ದಿನ ಆ ಬೆಳಗಿನ ಜಾವದ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಹೊರಗೆ ಮಳೆ ಬೀಳುವ ಸದ್ದು ಕೇಳುತ್ತ, ಈ ಹೊತ್ತಿನಲ್ಲಿ ನಮ್ಮ ಮೂರೂ ಮಷೀನು ನಿಂತಿವೆ, ಯಾರೂ ಬೆಲ್ಟಿನ ಹತ್ತಿರ ಇಲ್ಲ ಎಂದು ಎಣಿಸಿಕೊಂಡು ಮತ್ತೆ ನಿದ್ದೆ ಹೋಗುತ್ತಿದ್ದೆ.

ಮಳೆ ಜೋರಾಗಿ ಕಾಗಿಣಾ ನದಿ ತುಂಬಿದ ಸುದ್ದಿ ಬಂದ ದಿನಗಳಲ್ಲಿ ಹೈದರಾಬಾದಿನ ಒಬ್ಬ ಗುತ್ತಿಗೆದಾರ ಬಂದ. ದೊಡ್ಡ ಗಿರಾಕಿ, ಸಾಹುಕಾರರು ಅವನಿಗೆ ಕುರ್ಚಿ ಹಾಕಿಸಿದ್ದರು. ಅವನು ಬಸಮ್ಮ ಪಾಲಿಶ್ ಮಾಡುತ್ತಿದ್ದ ಕಲ್ಲುಗಳನ್ನು ನೋಡಿ ಮೆಚ್ಚಿಕೊಂಡ. ಇನ್ನು ನಾಲ್ಕು ಉಳಿದಿದ್ದವು, ಅವನ್ನೂ ಮುಗಿಸಿದರೆ ಈಗಲೇ ಗಾಡಿಗೆ ಹಾಕಿಕೊಂಡು ಹೋಗುತ್ತೇನೆ ಎಂದ. ಸಾಹುಕಾರರು ಬಸಮ್ಮನಿಗೆ ಮುಗಿಸಿಬಿಡು ಎಂದು ಕೈ ಮಾಡಿದರು. ಅವಳು ಗೋಡೆಯ ಗಡಿಯಾರ ನೋಡಿದಳು. ಹಲಗೆಯ ಮೇಲಿದ್ದ ಕಲ್ಲನ್ನು ಅವಸರ ಮಾಡದೆ ಮುಗಿಸಿದಳು. ಐದಕ್ಕೆ ಎರಡು ನಿಮಿಷ ಇತ್ತು. ತೋಳನ್ನು ಎತ್ತಿ ಕೊಂಡಿಗೆ ಸಿಕ್ಕಿಸಿ ಸ್ವಿಚ್ ಆರಿಸಿದಳು.

"ಉಳದದ್ದು ನಾಳಿಗ್ರಿ ಸಾಹುಕಾರ್ರ," ಅಂದಳು. "ಇನ್ನ ಮ್ಯಾಲ ಕರೆಂಟ್ ತುಟ್ಟಿ."

ಮಷೀನು ನಿಂತ ಮೇಲೆ ತಗಡಿನ ಮೇಲಿನ ಮಳೆಯ ಸದ್ದು ಒಮ್ಮೆಲೇ ದೊಡ್ಡದಾಗಿ ಕೇಳಿತು. ಗುತ್ತಿಗೆದಾರ ಸಾಹುಕಾರರ ಮುಖ ನೋಡಿದ. ಅರ್ಧ ತಾಸಿನ ಕೆಲಸ, ನೀವು ಹೇಳಿದರೂ ಕೂಲಿಯವರು ಕೇಳುವುದಿಲ್ಲವೇ ಎಂದ. ಸಾಹುಕಾರರು ನನ್ನ ಕಡೆ ನೋಡಿದರು. ನಾನು ಮೀಟರಿನ ಕಡೆ ನೋಡಿದೆ. ಬಸಮ್ಮ ಬೆನ್ನು ತಿರುಗಿಸಿ, ಕೈಗೆ ಅಂಟಿದ ಬಿಳಿ ಕೆಸರನ್ನು ತೊಳೆದುಕೊಳ್ಳುತ್ತಿದ್ದಳು. ಅವಳ ತೋಳು ಅಲ್ಲಾಡುವುದು ನಿಂತಿತ್ತು, ಕೇಳಿಸಿಕೊಳ್ಳುತ್ತಿದ್ದಳು.

"ಕೂಲಿ ಅಲ್ರಿ," ಅಂದರು ಸಾಹುಕಾರರು. "ಆ ಮಷೀನ್ ಅಕೀದು. ನಾಳಿ ಒಂಬತ್ತಕ್ಕ ಬರ್ರಿ."